ನಡುವಿನ ಉಬ್ಬು

ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿಯ ಕಾಫಿಗಿಡ ಕಪ್ಪಾದ ವರ್ಷ
ಪೊನ್ನಂಪೇಟೆಯ ನಮ್ಮ ಅಂಗಳಕ್ಕೆ ಕಾಂಟೆಸ್ಸಾ ಬಂತು.
ಯಾರದೋ ಕೇಡು, ನಮ್ಮ ಕಾರು.
ಕುಂಕುಮ ಹಚ್ಚುವಾಗ ಅಪ್ಪ
ಸ್ವಲ್ಪ ನಾಚಿಕೊಂಡೇ ಹಚ್ಚಿದ.

ಬಣ್ಣ, ಹಾಲು ಸಾಲದ ಕಾಫಿಯದು.
ಎಂಜಿನ್ನು ಜಪಾನಿನದು, ಇಸುಝು, ಎನ್ನುತ್ತ
ಬಂದವರಿಗೆಲ್ಲ ಬಾನೆಟ್ಟೆತ್ತಿ ತೋರಿಸುತ್ತಿದ್ದ,
ತೊಟ್ಟಿಲ ಬಟ್ಟೆ ಸರಿಸಿ ಕೂಸು ತೋರಿಸುವ ಹಾಗೆ.
ತೋರಿಸಿದ್ದು ಅವನು. ಓಡಿಸಿದ್ದು ಅವ್ವ.

ಅಪ್ಪ ಮೂರನೇ ಗೇರು ಮೀರಿದವನಲ್ಲ.
ಅವ್ವ ಗೊಬ್ಬರದ ಜೀಪಿನಲ್ಲಿ ಕೈ ಪಳಗಿದವಳು,
ಚಪ್ಪಲಿ ಬಿಚ್ಚಿ ಸೀಟಿನಡಿ ತಳ್ಳಿ
ಬರಿಗಾಲಲ್ಲೇ ಪೆಡಲು ತುಳಿಯುವವಳು.
"ನಮ್ಮ ಹಿರಿಯರಿಗೆ ಆಗಲೇ ಗೊತ್ತಿತ್ತು ನೋಡು,
ನೆರಿಗೆ ಮುಂದಿದ್ದರೆ ಕ್ಲಚ್ಚಿಗೆ ಸಿಕ್ಕುತ್ತೆ ಅಂತ.
ಅದಕ್ಕೇ ಹಿಂದೆ ಕಟ್ಟಿದ್ದು."

ನನ್ನ ಜಾಗ ಹಿಂದಿನ ಸೀಟಿನ ನಡುವೆ,
ನೆಲದಿಂದೆದ್ದ ಉಬ್ಬಿನ ಮೇಲೆ ಎರಡೂ ಕಾಲು.
ಅದರೊಳಗೆ ಕಬ್ಬಿಣದ ಸರಳೊಂದು ತಿರುಗುತ್ತದೆ,
ಅದೇ ಹಿಂದಿನ ಚಕ್ರ ತಿರುಗಿಸೋದು ಎಂದು
ಹೇಳಿಕೊಟ್ಟವನು ಗೋಣಿಕೊಪ್ಪದ ಆಲಿಕುಟ್ಟಿ ಮೇಸ್ತ್ರಿ.
ಅಂದಿನಿಂದ ವೇಗ ಅಂಗಾಲಿಗೆ ತಿಳಿಯತೊಡಗಿತು:
ಐವತ್ತಕ್ಕೆ ಬೆಚ್ಚಗೆ,
ಎಂಬತ್ತಕ್ಕೆ ಜೇನುಪೆಟ್ಟಿಗೆಗೆ ಕಿವಿಯಿಟ್ಟಂತೆ,
ನೂರಕ್ಕೆ ಸದ್ದೇ ಇಲ್ಲ,
ಹಲ್ಲು ಮಾತ್ರ ಸಣ್ಣಗೆ ಜುಮ್ಮೆನ್ನುತ್ತಿತ್ತು.

ಆ ಭಾನುವಾರ ಮೈಸೂರಿಗೆ, ಯಾರದೋ ಮದುವೆ.
ಒಳಗೆ ಏಳು ಜನ, ಡಿಕ್ಕಿಯಲ್ಲಿ ಕಡಂಬುಟ್ಟಿನ ಡಬ್ಬಿ.
ತಿತಿಮತಿ ದಾಟುತ್ತಲೇ ಹಿಂದಿನಿಂದ ಹಾರ್ನು:
ಹುದಿಕೇರಿಯ ನಾಚಪ್ಪನ ಫಿಯೆಟ್, ಒನ್ ಒನ್ ಎಯ್ಟ್.
ಅದರಲ್ಲೂ ಒಂದು ಸಂಸಾರ, ಒಬ್ಬಳು ಅಜ್ಜಿ, ಒಂದು ನಾಯಿ.
ಅವನ ಹೆಂಡತಿ ನಮ್ಮತ್ತ ಕೈಬೀಸಿದಳು.
ಅದು ಬರೀ ನಮಸ್ಕಾರವಿದ್ದೀತು.
ಅವ್ವ ಹಾಗೆ ತಿಳಿಯಲಿಲ್ಲ.

ಕಾಡು ಎರಡೂ ಕಡೆ ಹಸಿರು ಗೀಟಾಯಿತು.
ಅಪ್ಪ ಡ್ಯಾಶ್‌ಬೋರ್ಡು ಹಿಡಿದು ಇಗ್ಗುತಪ್ಪನನ್ನು ಕರೆದ,
ಅತ್ತೆ ಕಣ್ಣು ಮುಚ್ಚಿ ನಿಂಬೆಹಣ್ಣು ಮೂಸಿದಳು,
ಮಕ್ಕಳು ನಾವು ಮುಳ್ಳನ್ನು ಓದಿ ಓದಿ ಕೂಗಿದೆವು:
ನೂರ ಹತ್ತು! ನೂರ ಹದಿನೈದು!
ಅವರ ಬಾಗಿಲು ನಮ್ಮ ಬಾಗಿಲಿಗೆ ಮೊಳ ದೂರ.
ಗಾಜಿನಾಚೆ ಅವರಜ್ಜಿಯ ಬಾಯಿ ಆಡುತ್ತಿತ್ತು,
ಬೈಗುಳವೆಂದು ತಿಳಿಯಲು ಸದ್ದು ಬೇಕಿರಲಿಲ್ಲ.

ತಿರುವಿನಾಚೆ ಆನೆ.
ಐದೋ ಆರೋ, ಮರಿಯನ್ನು ನಡುವೆ ಇಟ್ಟುಕೊಂಡು
ದಾರಿಯಲ್ಲೇ ಏನೋ ಮರೆತವರಂತೆ ನಿಂತಿದ್ದವು.

ಎರಡು ಕಾರೂ ಪಕ್ಕಪಕ್ಕ ನಿಂತವು. ಸುಟ್ಟ ರಬ್ಬರಿನ ವಾಸನೆ.
ಅವ್ವ ಕೀಲಿ ತಿರುಗಿಸಿದಳು, ಅವನೂ.
ಬಿಸಿ ಎಂಜಿನ್ನು ಆರುವಾಗ ಟಿಕ್ ಟಿಕ್ ಎನ್ನುತ್ತದೆಂದು
ನನಗೆ ಗೊತ್ತಾದದ್ದು ಆಗ.
ನಾಯಿಯೂ ಬೊಗಳಲಿಲ್ಲ.
ನಾಚಪ್ಪನ ಹೆಂಡತಿ ಗಾಜು ಇಳಿಸಿ
ಒಂದು ಕಿತ್ತಳೆ ದಾಟಿಸಿದಳು.
ಅವ್ವ ಸುಲಿದು ತೊಳೆ ತೊಳೆಯಾಗಿ ಹಿಂದಕ್ಕೆ ಕೊಟ್ಟಳು.
ಬೀಜ ಎಲ್ಲಿ ಉಗಿಯಲೆಂದು ತಿಳಿಯದೆ
ನುಂಗಿಬಿಟ್ಟೆ.

ಮುಂದೆ ವಿಯೆಟ್ನಾಮಿನಲ್ಲಿ ಬೆಳೆ ಚೆನ್ನಾಗಿ ಬಂತಂತೆ.
ಕಾಂಟೆಸ್ಸಾ ಕುಶಾಲನಗರದ ಯಾರಿಗೋ ಹೋಯಿತು,
ಡಿಕ್ಕಿಯಲ್ಲಿ ನಮ್ಮ ಒಂದು ಕೊಡೆ ಸಮೇತ.

ಈಗಿನ ನನ್ನ ಕಾರು ಅದಕ್ಕಿಂತ ಎಷ್ಟೋ ಜೋರು,
ಬೆಲ್ಟು ಹಾಕದಿದ್ದರೆ ಕೂಗುತ್ತದೆ, ಗೆರೆ ದಾಟಿದರೆ ಕೂಗುತ್ತದೆ.
ಆಗ ಕಾರು ಸುಮ್ಮನಿರುತ್ತಿತ್ತು,
ಕೂಗುತ್ತಿದ್ದವರು ನಾವು.

ಮೊನ್ನೆ ಅದೇ ದಾರಿ. ಕಾಡಿನುದ್ದಕ್ಕೂ
ಹೆಜ್ಜೆಗೊಂದು ಹಂಪು. ಪಕ್ಕದಲ್ಲಿ ಅವ್ವ,
ಎಪ್ಪತ್ತಾರರ ಬಲಗಾಲು ಚಪ್ಪಲಿ ಕಳಚಿ
ಮ್ಯಾಟನ್ನು ಮೆಲ್ಲಗೆ ಒತ್ತುತ್ತಿತ್ತು.
"ಆನೆ ಬಂದಾಗ ನಾವೇ ಮುಂದಿದ್ದದ್ದು," ಅಂದಳು,
"ಒಂದು ಬಾನೆಟ್ಟಿನಷ್ಟು."

ಫಿಯೆಟ್ಟಿನ ದೀಪ ನಮ್ಮದಕ್ಕಿಂತ ಮುಂದಿದ್ದದ್ದು
ನನಗೆ ಚೆನ್ನಾಗಿ ನೆನಪಿದೆ.
ಹೂಂ ಅಂದೆ.
ಮತ್ತೊಂದು ಹಂಪು ಬಂತು.